ಸರದಿಯ ಕೊಂಡಿ ಬೆಸೆದವಳು

ಇವಳ ಅಜ್ಜ ರೈಲಿನ ಡಬ್ಬಿಗಳಿಗೆ ಕೊಂಡಿ ಹಾಕುತ್ತಿದ್ದವನು. ಉರುಳುವ ಡಬ್ಬಿಗಳ ನಡುವೆ ನುಗ್ಗಿ ಕೊಕ್ಕೆ ಸಿಕ್ಕಿಸುತ್ತಿದ್ದ ಗಟ್ಟಿಗ. ಎರಡು ಬೆರಳನ್ನು ಹಳಿಗೇ ಬಿಟ್ಟು ಬಂದ. ಅಪ್ಪ ಕಡಿದುಹೋದ ಸೈಕಲ್ ಚೈನನ್ನು ಹರಟೆ ಹೊಡೆಯುತ್ತಲೇ ಜೋಡಿಸಿ ಕೊಡುತ್ತಿದ್ದ. ಬೀದಿಯವರಿಗೆಲ್ಲ ಅದು ಕೊಂಡಿಯವರ ಮನೆ. ಮಗಳು ಎಣ್ಣೆ ಮಸಿ ಮುಟ್ಟದೆ ಕಂಪ್ಯೂಟರಿನ ಮುಂದೆ ಕೂತಳು, ಆದರೂ ಮಾಡಿದ್ದು ಮನೆತನದ ಕೆಲಸವನ್ನೇ.

ದೊಡ್ಡಾಸ್ಪತ್ರೆಯಲ್ಲಿ ಎದೆಯ ಆಪರೇಷನ್ನಿಗೆ ಕಾಯುವವರ ಸರದಿ ನಡೆಸುವ ಪ್ರೋಗ್ರಾಂ ಅವಳದು. ಅದಕ್ಕವಳು ಲಿಂಕ್ಡ್ ಲಿಸ್ಟ್ ಎಂಬ ಸರಪಳಿ ಪಟ್ಟಿ ಬಳಸಿದಳು. ಒಬ್ಬೊಬ್ಬ ರೋಗಿಗೂ ಒಂದೊಂದು ಗೂಡು. ತನ್ನ ಮುಂದೆ ಯಾರು, ಹಿಂದೆ ಯಾರು ಎಂಬುದಷ್ಟೇ ಆ ಗೂಡಿಗೆ ಗೊತ್ತು. ವೈದ್ಯರು ತುರ್ತು ಎಂದು ಬರೆದರೆ ಆ ಗೂಡನ್ನು ಬಿಡಿಸಿ, ಬಿಟ್ಟ ಜಾಗದ ಎರಡು ತುದಿ ಬೆಸೆದು, ಮೇಲೆ ಒಯ್ದು ಕೊಂಡಿ ಹಾಕಿದರಾಯಿತು. ಬೆಂಚಿನ ಮೇಲೆ ಕೂತವರನ್ನು ಸರಿಸಿದಂತೆ ಎಲ್ಲರನ್ನೂ ಜರುಗಿಸುವ ಗದ್ದಲವಿಲ್ಲ.

ಹೃದಯದ ಕವಾಟ ಕೆಟ್ಟ ಅವಳ ತಮ್ಮನೂ ಅದೇ ಸರದಿಯ ಕೊನೆಗೆ ಬಂದು ಸೇರಿದ. ತುರ್ತು ಎನಿಸಿಕೊಂಡವರೇ ಅವನ ಮುಂದೆ ಬೇಕಾದಷ್ಟು ಮಂದಿ.

“ಅಕ್ಕಾ, ನಿನ್ನ ಸರಪಳೀಲಿ ನಾನೆಲ್ಲಿ ನೇತಾಡ್ತಿದ್ದೀನಿ?”

“ಬಾಲದಲ್ಲಿ ಕಣೋ, ಕೋತಿ.”

“ಹಾಗಾದ್ರೆ ಅಲ್ಲಾಡಿಸ್ತಾ ಇರ್ತೀನಿ ಬಿಡು,” ಎಂದು ನಕ್ಕ. ನಗು ಮುಗಿಯುವ ಮೊದಲೇ ಉಸಿರು ಕಟ್ಟಿ ತುಟಿ ನೀಲಿಯಾಯಿತು.

ಸರದಿ ಬರುವ ಮುಂಚೆಯೇ ಹುಡುಗ ಹೋಗಿಬಿಟ್ಟ. ಕೈಯಲ್ಲೇ ಕೀಲಿಯಿದ್ದೂ ಬಾಗಿಲು ತೆಗೆಯದ ಕಲ್ಲೆದೆಯವಳು ಎಂದು ನೆಂಟರು ಅವಳ ಮೇಲೆ ಹರಿಹಾಯ್ದರು. ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವನೇ ನಡೆದದ್ದನ್ನು ನನಗೆ ಹೇಳಿದ್ದು.

ತಮ್ಮ ತೀರಿಕೊಳ್ಳುವ ಹಿಂದಿನ ವಾರ. ಅವಳು ತೆರೆಯ ಮೇಲಿನ ಅವನ ಗೂಡನ್ನೇ ದಿಟ್ಟಿಸುತ್ತ ಕೂತಿದ್ದಳಂತೆ. ನೋಡಲಾರದೆ ಈ ಪಕ್ಕದ ಕುರ್ಚಿಯವನು ಅವಳ ಕೀಬೋರ್ಡನ್ನು ತನ್ನತ್ತ ಎಳೆದುಕೊಂಡ.

“ಅಕ್ಕಾ, ನೀವು ಆಚೆ ಹೋಗಿ ಚಹಾ ಕುಡ್ಕೊಂಡು ಬನ್ನಿ. ನಾಲ್ಕು ಕೊಂಡಿ ಬದಲಾಯಿಸ್ತೀನಿ, ಅಷ್ಟೇ. ಬೇರೆ ಯಾರ ಗೂಡೂ ಅಲ್ಲಾಡಲ್ಲ. ನರಪಿಳ್ಳೆಗೂ ಗೊತ್ತಾಗಲ್ಲ.”

ಅವಳು ಎದ್ದು ನಿಂತಳು. ಬಾಗಿಲ ತನಕ ಹೋದಳು. ತಿರುಗಿ ಬಂದು ಅವನ ಮಣಿಕಟ್ಟು ಹಿಡಿದಳು.

“ಗೂಡು ಅಲ್ಲಾಡಲ್ಲ ಕಣಪ್ಪ, ನಂಗೂ ಗೊತ್ತು, ಕಟ್ಟಿದ್ದೇ ನಾನು. ಆದ್ರೆ ನನ್ನ ತಮ್ಮನಿಗಿಂತ ಮುಂಚೆ ಬಂದಿರೋ ಮಗೂನ ತಾಯಿ ನಿನ್ನೆ ಮೆಟ್ಟಿಲ ಹತ್ರ ನನ್ನೇ ನಿಲ್ಲಿಸಿ ಕೇಳಿದ್ಲು, ನಮ್ಮ ಪಾಪೂದು ಯಾವಾಗಮ್ಮ ಅಂತ. ನಿನ್ನ ಉಪಕಾರ ಬೇಡ. ಕೈ ತೆಗಿ.”