ಎಡೆಲ್ಮಿರಾಳ ಮೇಕೆ ಮತ್ತು ಎತ್ತು

ನಮ್ಮೂರಲ್ಲಿ ಯಾರೇ ತೀರಿಕೊಂಡರೂ ಅವರ ಹೆಸರು ಗೋಡೆಗೆ ಹತ್ತುವ ಮೊದಲು ಎಡೆಲ್ಮಿರಾ ತಿಬದುಯ್ಸಾಳ ಬೆರಳ ಕೆಳಗೆ ಹಾದು ಬರಬೇಕು. ಸುತ್ತ ಕಪ್ಪು ಅಂಚು, ನೆತ್ತಿಯಲ್ಲಿ ಶಿಲುಬೆ, ಸತ್ತವರ ಹೆಸರು, ಅದರ ಕೆಳಗೆ ದುಃಖತಪ್ತರಾದ ಮನೆಮಂದಿಯೆಲ್ಲರ ಹೆಸರು, ಕೊನೆಗೆ ಬಲಿಪೂಜೆಯ ಹೊತ್ತು. ಇಂಥ ನಲವತ್ತು ಹಾಳೆ ಅವಳು ಮುದ್ರಿಸುತ್ತಾಳೆ. ಮೈದಾ ಅಂಟು ಕಾಯಿಸಿಕೊಂಡು ಚರ್ಚಿನ ಬಾಗಿಲಿನಿಂದ ಸೇತುವೆಯ ಕಂಬದವರೆಗೆ ಅಂಟಿಸಿ ಬರುವವಳು ನಾನು. ಇಪ್ಪತ್ತೊಂದು ವರ್ಷದಿಂದ ನಮ್ಮದು ಇದೇ ಜೋಡಿ.

ಇಷ್ಟು ವರ್ಷದಲ್ಲಿ ಸತ್ತವರು ಒಬ್ಬರೂ ತಕರಾರು ತೆಗೆದಿಲ್ಲ. ತಕರಾರೆಲ್ಲ ಬದುಕಿರುವವರದು. ಯಾರ ಹೆಸರು ಯಾರ ಮೇಲೆ, ಯಾರದು ಬಿಟ್ಟುಹೋಯಿತು ಎನ್ನುವುದು ಇಲ್ಲಿ ಜನ್ಮವಿಡೀ ಮರೆಯದ ಸಂಗತಿ. ಒಮ್ಮೆ ಬೇಕರಿಯವನ ಹೆಸರು ಸೋದರಳಿಯಂದಿರ ಕೆಳಗೆ ಇಳಿದಿತ್ತೆಂದು ಅವನು ಮೂರು ವರ್ಷ ಎಡೆಲ್ಮಿರಾಳಿಗೆ ನಿನ್ನೆಯ ಬ್ರೆಡ್ಡನ್ನೇ ಕೊಟ್ಟ.

ಎಡೆಲ್ಮಿರಾಳಿಗೆ ಈಗ ಅರವತ್ತಮೂರು. ನೋಟರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಟೈಪು ಮಾಡಿ ಬಂದವಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಒಬ್ಬ ಕಾಗದ ಬರೆದಿದ್ದ. ಒಂದು ಪುಟದಲ್ಲಿ ಏಳು ತಪ್ಪಿತ್ತು" ಎನ್ನುತ್ತಾಳೆ. ಅವಳ ಕಂಪ್ಯೂಟರು ಶಾಲೆಯವರು ಹೊರಗೆ ಹಾಕಿದ್ದು. ಹೋದ ವರ್ಷ ಅದು ಏಳದೇ ಹೋದಾಗ ಗಡಿಯಾರ ರಿಪೇರಿಯ ಫಿಲೆಮೋನ್ ಬಂದು, ಒಳಗಿದ್ದುದನ್ನೆಲ್ಲ ಬಳಿದು ತೆಗೆದು ಲಿನಕ್ಸ್ ಹಾಕಿದ.

"ಇದಕ್ಕೆ ವಯಸ್ಸಾಯ್ತು ದೋನ್ಯಾ ಎಡೆಲ್ಮಿರಾ. ಮೆಮೊರಿ ಇರೋದೇ ಒಂದು ಜಿಬಿ."

"ನಂಗೂ ಅಷ್ಟೇ ಉಳಿದಿರೋದು. ನೀನು ಕೆಲಸ ನೋಡು."

"ಬರೆಯೋಕೆ ಅಂತ ಮೂರು ಪ್ಯಾಕೇಜು ಇದೆ. ಮೂರೂ ಪುಕ್ಕಟೆ."

"ಪುಕ್ಕಟೆ ಅಂದ್ರೆ? ಯಾರು ಕೊಡ್ತಾರೆ?"

"ಯಾರೋ ಎಲ್ಲೋ ಕೂತು ಮಾಡಿ, ಲೋಕಕ್ಕೆಲ್ಲ ಬಿಟ್ಟಿರ್ತಾರೆ."

ಎಡೆಲ್ಮಿರಾ ನನ್ನ ಕಡೆ ತಿರುಗಿ, "ಬೆನಿಲ್ದಾ, ಅವರ ಹೆಸರಲ್ಲೂ ಜಪಸರದ ಒಂದು ಮಣಿ ಎಣಿಸು" ಎಂದಳು. ಹೆಸರು ಗೊತ್ತಿರಲಿಲ್ಲ, ಆದರೂ ಎಣಿಸಿದೆ.

ಆ ಮೂರಕ್ಕೂ ಸರಿಯಾದ ಹೆಸರುಗಳಿವೆ. ನಮ್ಮಲ್ಲಿ ನಡೆದದ್ದು ಎಡೆಲ್ಮಿರಾ ಇಟ್ಟ ಹೆಸರು. ಮೊದಲನೆಯದು ಕುದುರೆ, ನೋಡಲು ಬಲು ಚಂದ. ಹಾಕಿದ ಕೂಡಲೇ ಪರದೆ ಬೂದಿಯ ಬಣ್ಣಕ್ಕೆ ತಿರುಗಿ ಕಂಪ್ಯೂಟರು ಉಸಿರು ಕಟ್ಟಿಕೊಂಡಿತು. ಫಿಲೆಮೋನ್ ಕೈಗಡಿಯಾರಕ್ಕೆ ಮಾಡುವಂತೆ ಅದಕ್ಕೂ ಕಿವಿಯಿಟ್ಟು ಕೇಳಿ, "ಈ ಕೊಟ್ಟಿಗೆ ಅದಕ್ಕೆ ಸಾಲಲ್ಲ" ಎಂದು ಕಿತ್ತು ಹಾಕಿದ. ಎರಡನೆಯದು ಎತ್ತು. ಅಂಚು, ಶಿಲುಬೆ, ಎರಡು ಸಾಲಿನ ಹೆಸರು, ಏನು ಹೇರಿದರೂ ಹೊರುತ್ತಿತ್ತು. ಆದರೆ ಎದ್ದು ನಿಲ್ಲಲು ಜಪಸರದ ಹತ್ತು ಮಣಿಯಷ್ಟು ಹೊತ್ತು. ಲೆಕ್ಕ ನನ್ನದೇ, ತಪ್ಪಿಲ್ಲ. ಅದು ಏಳುವ ತನಕ ನಾವು ಸತ್ತವರ ಹೆಸರಲ್ಲಿ ಹತ್ತು ಮಣಿ ಮುಗಿಸುತ್ತಿದ್ದೆವು. ಬಂದವರು ಬೆಂಚಿನ ಮೇಲೆ ಕೂತು ದನಿಗೂಡಿಸುತ್ತಿದ್ದರು. ಮೂರನೆಯದು ಮೇಕೆ. ಶಿಲುಬೆಯ ಗುರುತು ಹಾಕಿಕೊಂಡು ಕೈ ಇಳಿಸುವುದರೊಳಗೆ ಪರದೆಯ ಮೇಲೆ ಹಾರಿ ನಿಂತಿರುತ್ತಿತ್ತು.

ಎತ್ತು ಕಟ್ಟಿಕೊಂಡು ಎಡೆಲ್ಮಿರಾ ಸುಖವಾಗಿಯೇ ಇದ್ದಳು. ಆದರೆ ಚೌಕದ ಆಚೆಬದಿಯಲ್ಲಿ ಹೊಸ ಜೆರಾಕ್ಸ್ ಅಂಗಡಿ ಬಂತು. ಶವಪೆಟ್ಟಿಗೆ ಮಾರುವ ದೋನ್ ವಿಲ್ಫ್ರಿದೋ ಒಂದು ಬೆಳಿಗ್ಗೆ ಟೋಪಿ ಕೈಯಲ್ಲಿ ಹಿಡಿದುಕೊಂಡು ಬಂದ.

"ಬೇಜಾರು ಮಾಡ್ಕೋಬೇಡಿ. ಮಧ್ಯಾಹ್ನದ ಗಂಟೆಯೊಳಗೆ ಹಾಳೆ ಗೋಡೇಲಿರ್ಬೇಕು. ಇನ್ನೊಂದು ಸಲ ತಡ ಆದ್ರೆ ಎದುರಂಗಡಿಗೆ ಕೊಟ್ಬಿಡ್ತೀನಿ."

"ಸತ್ತೋರಿಗೇನು ಅವಸರ?"

"ಸತ್ತೋರಿಗಿಲ್ಲ. ಮಧ್ಯಾಹ್ನ ಆದ್ಮೇಲೆ ನೋಡಿದ ಜನ ಪೂಜೆಗೆ ಬರಲ್ಲ. ಜನ ಬರದಿದ್ರೆ ನನ್ನ ಪೆಟ್ಟಿಗೆ ನೋಡೋರ್ಯಾರು?"

ಅವನು ಹೋದ ಮೇಲೆ ಎಡೆಲ್ಮಿರಾ ಬೆರಳುಗಳನ್ನು ಒಂದೊಂದಾಗಿ ನೆಟಿಗೆ ಮುರಿದಳು. "ಇದೂ ಹೋದ್ರೆ ನಾನು ಬೆಳಿಗ್ಗೆ ಎದ್ದು ಯಾರಿಗೆ ಬೇಕು ಹೇಳು?" ಎಂದಳು. ಅವಳು ಎತ್ತು ಬಿಟ್ಟು ಮೇಕೆ ಕಟ್ಟಿಕೊಂಡಳು.

ಎರಡು ವಾರ, ಮೂರು ಸಾವು, ಎಲ್ಲ ಚಿಕ್ಕ ಸಂಸಾರ. ಒಂಬತ್ತೂವರೆಗೆಲ್ಲ ನನ್ನ ಅಂಟಿನ ಬಕೆಟ್ಟು ಖಾಲಿ. ದೋನ್ ವಿಲ್ಫ್ರಿದೋ ದಾರಿಯಲ್ಲಿ ಕಂಡರೆ ಟೋಪಿ ಎತ್ತುತ್ತಿದ್ದ.

ಆಮೇಲೆ ದೋನ್ ಕ್ರಿಸಾಂತೋ ಪಿರಗೌತಾ ತೀರಿಕೊಂಡರು. ಒಂಬತ್ತು ಮಕ್ಕಳು, ಏಳು ಜನ ಸೊಸೆ ಅಳಿಯಂದಿರು, ಇಪ್ಪತ್ತನಾಲ್ಕು ಮೊಮ್ಮಕ್ಕಳು. ಹೆಂಡತಿ ದೋನ್ಯಾ ಕುಸ್ತೋದಿಯಾ ಬೆಳಿಗ್ಗೆ ಎಂಟಕ್ಕೆ ಬಂದು ಬೆಂಚಿನ ಮೇಲೆ ಕೂರುವಷ್ಟರಲ್ಲಿ ಮೇಕೆ ಹಾರಿ ನಿಂತು ಕಣ್ಣು ಮಿಟುಕಿಸುತ್ತಿತ್ತು. ಆಕೆ ಕಣ್ಣೀರು ಒರೆಸಿಕೊಳ್ಳುತ್ತಲೇ ಹೆಸರು ಹೇಳಿದರು, ಎಡೆಲ್ಮಿರಾ ಟೈಪು ಹೊಡೆದಳು.

"ಅಣ್ಣತಮ್ಮಂದಿರು?" ಎಂದು ಎಡೆಲ್ಮಿರಾ ಕೇಳಿದಳು.

"ಯಾರೂ ಇಲ್ಲ."

"ಅಲ್ಲ, ಎಲಿಯೆಸೆರ್..."

"ಯಾರೂ ಇಲ್ಲ ಅಂದ್ನಲ್ಲ!"

ಎಲಿಯೆಸೆರ್ ಸತ್ತವರ ಒಬ್ಬನೇ ತಮ್ಮ. ಹನ್ನೆರಡು ವರ್ಷದ ಹಿಂದೆ ಕ್ರಿಸ್ಮಸ್ ಊಟಕ್ಕೆ ಕೂತು, ಅತ್ತಿಗೆ ಬಾಳೆಯೆಲೆಯಲ್ಲಿ ಕಟ್ಟಿ ಬೇಯಿಸಿದ ಮಾಂಸದ ಕಡುಬು ತಮಾಲೆ ಬಿಚ್ಚಿ, "ಮಾಂಸ ಎಲ್ಲಿ? ಪೂಜೆಗೆ ಹೋಗಿದ್ಯಾ?" ಎಂದು ಎಲ್ಲರೆದುರು ಕೇಳಿದ್ದ. ಅಂದಿನಿಂದ ಆಕೆ ಅವನೊಂದಿಗೆ ಮಾತಾಡಿಲ್ಲ.

ಎತ್ತಿನ ಕಾಲದಲ್ಲಾಗಿದ್ದರೆ ಆಕೆ ಹತ್ತು ಮಣಿ ಕೂರಬೇಕಿತ್ತು. ಈಗ ಒಂಬತ್ತಕ್ಕೆ ಹಾಳೆ ತಯಾರಾಯಿತು. ಮೂವತ್ತೆಂಟು ಅಂಟಿಸಿ, ಮಾರುಕಟ್ಟೆಯ ಕಂಬಕ್ಕೆ ಮೂವತ್ತೊಂಬತ್ತನೆಯದನ್ನು ಒತ್ತುತ್ತಿದ್ದೆ. ಹಿಂದಿನಿಂದ ದನಿ ಬಂತು.

"ಬೆನಿಲ್ದಾ ತಾಯಿ, ಸತ್ತಿದ್ದು ನಮ್ಮಣ್ಣನೋ, ನಾನೋ?"

ತಿರುಗಿದರೆ ಎಲಿಯೆಸೆರ್. ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಓದಿದ. ಕಿತ್ತು, ಮಡಚಲು ಎದೆಗೊತ್ತಿಕೊಂಡ. ಹಸಿ ಅಂಟು; ಅವನ ಉಣ್ಣೆಯ ರುವಾನಾ ಕಂಬಳಿಗೆ ಅದು ಕಚ್ಚಿಕೊಂಡು ಕೂತಿತು. ಎಳೆದರೆ ಹರಿಯುತ್ತದೆ, ಅಣ್ಣನ ಹೆಸರು, ಹರಿಯಲು ಮನಸ್ಸು ಬರಲಿಲ್ಲ. ಹಾಗೆಯೇ ಎದೆಯ ಮೇಲೆ ಶಿಲುಬೆ, ಕಪ್ಪು ಅಂಚು ಹೊತ್ತು ಚೌಕ ದಾಟಿದ. ತರಕಾರಿಯವರು ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಂಡರು. ನಾನು ಬಕೆಟ್ಟು ಹಿಡಿದು ಹಿಂದೆ ಓಡಿದೆ.

ಎಡೆಲ್ಮಿರಾಳ ಕೋಣೆಯಲ್ಲಿ ದೋನ್ಯಾ ಕುಸ್ತೋದಿಯಾ ಮತ್ತೆ ಬಂದು ಕೂತಿದ್ದರು, ಬೊಗೊತಾದ ನೆಂಟರಿಗೆಂದು ಎರಡು ಹಾಳೆ ಹೆಚ್ಚಿಗೆ ಬೇಕಿತ್ತು.

ಎಲಿಯೆಸೆರ್ ಬಾಗಿಲಲ್ಲೇ ನಿಂತ. "ದೋನ್ಯಾ ಎಡೆಲ್ಮಿರಾ, ಅಲ್ಲಿ ಕೂತಿದ್ದಾರಲ್ಲ, ಅವರಿಗೆ ಹೇಳಿ. ಹೆಸರಿಲ್ಲದೋನು ಪೆಟ್ಟಿಗೆಗೆ ಹೆಗಲು ಕೊಡೋಕೆ ಬರಲ್ಲ."

"ಎಡೆಲ್ಮಿರಾ, ಅವನಿಗೆ ಹೇಳು. ಒಂಬತ್ತು ಮಕ್ಕಳ ಹದಿನೆಂಟು ಹೆಗಲಿದೆ."

"ಅದ್ರಲ್ಲಿ ಆರು ಹೆಣ್ಣುಮಕ್ಕಳು ಅಂತ ಹೇಳಿ. ಇನ್ನೊಬ್ಬನಿಗೆ ಬೆನ್ನುನೋವು."

"ನಾನೇನು ಟೆಲಿಫೋನಾ?" ಎಂದಳು ಎಡೆಲ್ಮಿರಾ. ಆದರೂ ಯಾರ ಅಪ್ಪಣೆಯನ್ನೂ ಕೇಳದೆ, ಮೇಕೆಯ ಮೇಲೆ ಅವನ ಹೆಸರು ಸೇರಿಸಲು ಕೂತಳು. ಒಂದು ಸಾಲು ಸೇರಿತು. ಪೂಜೆಯ ಹೊತ್ತು ಎರಡನೆಯ ಹಾಳೆಗೆ ಜಿಗಿಯಿತು. ಅಕ್ಷರ ಚಿಕ್ಕದು ಮಾಡಿದಳು. ಶಿಲುಬೆ ಮೊಮ್ಮಕ್ಕಳ ನಡುವೆ ಹೋಗಿ ನಿಂತಿತು. ಶಿಲುಬೆ ಎಳೆದು ತಂದಳು. ಕಪ್ಪು ಅಂಚೇ ಮಾಯ.

"ಅಂಚು ತಿಂದುಬಿಡ್ತು ಪಾಪಿಮುಂಡೇದು!"

ಹೀಗೆ ಗಂಟೆಗೂ ಮಿಕ್ಕಿ ಎಳೆದಾಡುವಷ್ಟರಲ್ಲಿ ಕಿಟಕಿಯಲ್ಲಿ ದೋನ್ ವಿಲ್ಫ್ರಿದೋನ ಮುಖ ಕಾಣಿಸಿತು. "ಗೋಡೆ ಮೇಲಿರೋದನ್ನ ಬದಲಾಯಿಸ್ತಿದ್ದೀರಂತೆ? ಹನ್ನೆರಡಕ್ಕೆ ಐದೇ ನಿಮಿಷ ಇದೆ. ಎದುರಂಗಡಿಗೆ ಕೊಟ್ಟು ಬರ್ಲಾ?"

ಎಡೆಲ್ಮಿರಾ ಗಡಿಯಾರ ನೋಡಿದಳು, ಎಲಿಯೆಸೆರ್‌ನ ಎದೆಯ ಮೇಲಿನ ಹಾಳೆ ನೋಡಿದಳು. ಮೇಕೆಯನ್ನು ಮುಚ್ಚಿದಳು. "ಕೂತ್ಕೊಳ್ಳಿ ಎಲ್ಲರೂ. ಎತ್ತು ಎಬ್ಬಿಸ್ತೀನಿ" ಎಂದು ಅದರ ಚಿತ್ರ ಒತ್ತಿ, ಹಳೆಯ ರೂಢಿಯಂತೆ ಮೇಜಿನ ಖಾನೆಯಿಂದ ಜಪಸರ ತೆಗೆದು ದೋನ್ಯಾ ಕುಸ್ತೋದಿಯಾರ ಕೈಗಿಟ್ಟಳು. ಮನೆಯವರೇ ಮುಂದಾಗಿ ಹೇಳಬೇಕು, ನಮ್ಮ ಪದ್ಧತಿ.

ಆಕೆ 'ನಮೋ ಮರಿಯೆ' ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧ ಕೇಳುವವರು ಹೇಳಬೇಕು. ಎಡೆಲ್ಮಿರಾ ಪರದೆಯನ್ನೇ ದಿಟ್ಟಿಸುತ್ತಿದ್ದಳು. ನನ್ನ ನಾಲಿಗೆ ತುದಿಗೆ ಬಂದಿತ್ತು; ದೇವಮಾತೆ ಕ್ಷಮಿಸಲಿ, ಹಲ್ಲು ಕಚ್ಚಿ ತಡೆದುಕೊಂಡೆ. ಅರ್ಧ ಪ್ರಾರ್ಥನೆ ಕೋಣೆಯ ನಡುವೆ ನೇತಾಡಿತು. ಕೊನೆಗೆ ಎಲಿಯೆಸೆರ್ ಟೋಪಿ ತೆಗೆದು, ನೆಲ ನೋಡುತ್ತ ಉಳಿದರ್ಧ ಹೇಳಿದ.

ಎರಡನೆಯದಕ್ಕೂ ಅವನೇ. ಮೂರನೆಯ ಮಣಿಗೆ ನಾವೂ ಸೇರಿದೆವು. ಐದಕ್ಕೆ ಅವನು ಬೆಂಚಿನ ಆಚೆ ತುದಿಯಲ್ಲಿ ಕೂತ. ಏಳರ ನಡುವೆ ಚರ್ಚಿನಲ್ಲಿ ಹನ್ನೆರಡು ಹೊಡೆಯಿತು. ಎಡೆಲ್ಮಿರಾಳ ಭುಜ ಕುಸಿಯಿತು, ಜಪ ಮಾತ್ರ ನಿಲ್ಲಲಿಲ್ಲ. ಎಂಟನೆಯ ಮಣಿಗೆ ದೋನ್ಯಾ ಕುಸ್ತೋದಿಯಾ, ಜಪಸರ ಬಿಡದೆಯೇ ಅತ್ತ ಸರಿದು, ಅವನ ಎದೆಯಲ್ಲಿ ಎದ್ದಿದ್ದ ಹಾಳೆಯ ಮೂಲೆಯನ್ನು ಹೆಬ್ಬೆರಳಿಂದ ಒತ್ತಿ ಕೂರಿಸಿದರು. ಅಂದು ಜಪ ನಿಧಾನ, ಒಂಬತ್ತಕ್ಕೇ ಎತ್ತು ಎದ್ದು ನಿಂತಿತು. ಯಾರೂ ಅತ್ತ ನೋಡಲಿಲ್ಲ. ಹತ್ತು ಮುಗಿಸಿದೆವು.

"ಮಕ್ಕಳ ಹೆಸರಾದ್ಮೇಲೆ ಹಾಕು," ಎಂದರು ಆಕೆ. "ಎಲಿಯೆಸೆರ್ ಪಿರಗೌತಾ, ತಮ್ಮ." ಆಮೇಲೆ ಅವನ ಕಡೆ ನೋಡದೆಯೇ, "ತಮಾಲೇಲಿ ಮಾಂಸ ಇತ್ತು."

"ಇತ್ತು ಅತ್ತಿಗೆ," ಎಂದ ಅವನು. "ಸಣ್ಣದಿತ್ತು."

ಎತ್ತು ಅಷ್ಟೂ ಹೆಸರನ್ನು ಎರಡು ಸಾಲಿನಲ್ಲಿ ಹೊತ್ತು, ಅಂಚು ಶಿಲುಬೆ ಕದಲದಂತೆ ನಿಂತಿತು. ಹಾಳೆ ಹೊರಬರುವಾಗ ಹನ್ನೆರಡೂಕಾಲು. ದೋನ್ ವಿಲ್ಫ್ರಿದೋ ಕಿಟಕಿಯಲ್ಲಿ ಕೆಮ್ಮಿದ.

"ಎದುರಂಗಡೀಲಿ ಕೂರೋಕೆ ಬೆಂಚಿದ್ಯಾ?" ಎಂದು ದೋನ್ಯಾ ಕುಸ್ತೋದಿಯಾ ಅವನನ್ನು ಕೇಳಿದರು.

"ಬೆಂಚ್ಯಾಕಮ್ಮ? ಅಲ್ಲಿ ಕಾಯೋದೇ ಬೇಡ."

"ಹಾಗಾದ್ರೆ ನಂದೂ ಇಲ್ಲೇ ಆಗ್ಲಿ. ಪೆಟ್ಟಿಗೆ ನಿನ್ನತ್ರ ತಗೊಳ್ಳೋದಾದ್ರೆ ಹಾಳೆ ಇವಳತ್ರ."

"ನಂದೂ," ಎಂದ ಎಲಿಯೆಸೆರ್. "ಆದ್ರೆ ಅವಸರ ಏನಿಲ್ಲ."

ಪಿರಗೌತಾ ಮನೆತನವೆಂದರೆ ಇನ್ನೂ ನಲವತ್ತು ಪೆಟ್ಟಿಗೆ. ದೋನ್ ವಿಲ್ಫ್ರಿದೋ ಟೋಪಿ ಎತ್ತಿದ. ಎದುರಂಗಡಿಯ ಮಾತು ಮತ್ತೆ ತೆಗೆಯಲಿಲ್ಲ. ನಾನು ಮೂವತ್ತೆಂಟು ಹಾಳೆ ಕೆರೆದು ತೆಗೆದು ಹೊಸದನ್ನು ಅಂಟಿಸಿದೆ. ಎದೆಯಿಂದ ಕಿತ್ತು ಬರದ ಹಾಳೆಯ ಮೇಲೆ ಕಪ್ಪು ಕೋಟು ತೊಟ್ಟು, ಸಂಜೆ ನಾಲ್ಕಕ್ಕೆ ಎಲಿಯೆಸೆರ್ ಪೆಟ್ಟಿಗೆಯ ಮುಂದಿನ ಬಲಗಡೆಗೆ ಹೆಗಲು ಕೊಟ್ಟ.

ಮರುವಾರ ಫಿಲೆಮೋನ್ ಕಿಸೆಯಿಂದ ಒಂದು ಹಸಿರು ಪಟ್ಟಿ ತೆಗೆದು ತೋರಿಸಿದ. "ಹಳೇ ಮೆಮೊರಿ ಸಿಕ್ತು ದೋನ್ಯಾ. ಇದನ್ನ ಸಿಕ್ಕಿಸಿದ್ರೆ ಎತ್ತೂ ಮೂರು ಮಣಿಯೊಳಗೆ ಏಳುತ್ತೆ."

ಎಡೆಲ್ಮಿರಾ ಬೆಂಚಿನ ಧೂಳು ಒರೆಸುತ್ತಿದ್ದಳು.

"ಬೇಡ ಕಣಪ್ಪ. ಅಷ್ಟರಲ್ಲಿ ಯಾರ ಸಿಟ್ಟೂ ಇಳಿಯಲ್ಲ."