ಗಿರಣಿ ಚಕ್ರದ ಗೂಡು

ಬೆಳಗಾವಿಯ ಈ ಮನೆಯಲ್ಲಿ ಬಾವಿಯ ಹೊಸ ನಾರಿನ ಹಗ್ಗ ಮೊದಲ ಸಲ ನೆನೆದಾಗ ಒಂದು ವಾಸನೆ ಏಳುತ್ತದೆ. ಅದು ಮೂಗಿಗೆ ಬಡಿದರೆ ಸಾಕು, ಕೊಡವನ್ನು ಕಟ್ಟೆಯ ಮೇಲಿಟ್ಟು ಸುಮ್ಮನೆ ಕುಳಿತುಬಿಡುತ್ತೇನೆ. ನನಗೆ ವಯಸ್ಸಾಯಿತೆಂದು ಸೊಸೆಯಂದಿರು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಇಂಥದೊಂದು ವಾಸನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಖಾನಾಪುರದ ಹೊರಗೆ, ಮಲಪ್ರಭೆಯಿಂದ ತೋಡಿ ತಂದ ಕಾಲುವೆಯ ಮೇಲೆ ನಮ್ಮ ನೀರಿನ ಗಿರಣಿ ಇತ್ತು. ಅಜ್ಜನ ಅಜ್ಜ ಕಟ್ಟಿಸಿದ ಕಲ್ಲಿನ ಕಟ್ಟಡ. ಅದರ ಹಿಂಭಾಗದಲ್ಲೇ ನಮ್ಮ ವಾಸ. ಕಾಲುವೆಗೆ ಅಡ್ಡ ಇಟ್ಟ ಹಲಗೆ ಎತ್ತಿದರೆ ನೀರು ಸಾಗವಾನಿಯ ದೊಡ್ಡ ಚಕ್ರದ ಮೇಲೆ ಬೀಳುತ್ತಿತ್ತು. ಗೋಡೆ ತೂರಿ ಒಳಬಂದ ಅಚ್ಚು ನರಳುತ್ತ ಹೊರಳಿ, ಕಟ್ಟಿಗೆಯ ಹಲ್ಲುಗಳು ಒಂದನ್ನೊಂದು ಕಚ್ಚಿ, ಬೀಸುಗಲ್ಲು ತಿರುಗುತ್ತಿತ್ತು. ಬಿಸಿ ಹಿಟ್ಟು ಸುರಿಯುವಾಗ ಅಜ್ಜ ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ ನೋಡುತ್ತಿದ್ದ. ನಾವು ಜೈನರು; ಆದರೆ ಅಜ್ಜನಷ್ಟು ಜೈನರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಾಳಿನಲ್ಲಿ ಒಂದು ನುಸಿ ಕಂಡರೂ, "ಆರಿಸಿ ತರ್ರಿ, ಜೀವಾ ಅದಾವ ಅದರಾಗ," ಎಂದು ಗಿರಾಕಿಯನ್ನು ವಾಪಸು ಕಳಿಸುತ್ತಿದ್ದ. ಅವರು ಬೈದುಕೊಂಡು ಹೋಗಿ, ಆರಿಸಿಕೊಂಡೇ ಬರುತ್ತಿದ್ದರು.

ಬೆಳಗಾವಿಯಲ್ಲಿ ಸ್ವಾತಂತ್ರ್ಯ ಚಳವಳಿಯ ದೊಡ್ಡ ಅಧಿವೇಶನ ನಡೆದ ನಂತರದ ಬೇಸಿಗೆ ಅದು. ಕಾಲುವೆ ಒಣಗಿ ಚಕ್ರ ನಿಂತಿತ್ತು. ಬಾಲ ಕುಣಿಸುವ ಕಪ್ಪು-ಬಿಳುಪು ಹಕ್ಕಿಯೊಂದು ಚಕ್ರದ ಗೋಡೆ ಬದಿಯ ಸಂದಿಯಲ್ಲಿ ಗೂಡು ಕಟ್ಟಿ ಮೂರು ಮರಿ ಮಾಡಿತು. ಕಿಟಕಿಯ ಸರಳಿನಿಂದ ಅದು ಕಾಣುತ್ತಿತ್ತು, ಕೈಗೆ ಮಾತ್ರ ಎಟುಕುತ್ತಿರಲಿಲ್ಲ. ಚಕ್ರ ಅಲುಗಬಾರದೆಂದು ಅಜ್ಜ ಹೊಸ ನಾರಿನ ಹಗ್ಗ ತಂದು ಅದನ್ನು ಕಲ್ಲುಕಂಬಕ್ಕೆ ಬಿಗಿದ. ಮರಿಗಳನ್ನು ನೋಡಿ ಬರುವ ಕೆಲಸ ನನ್ನದು. "ಹಾರಾಕ ಇನ್ನ ಎಷ್ಟ ದಿನಾ ಬೇಕ ತಂಗಿ?" ಎಂದು ದಿನಾ ಕೇಳುವನು. ಬೆಲ್ಲ ಕದ್ದು ಬೆಕ್ಕಿನ ಮೇಲೆ ಹಾಕುವಷ್ಟು ಸುಳ್ಳುಬುರುಕಿ ನಾನು. ಇದರಲ್ಲಿ ಮಾತ್ರ ರೆಕ್ಕೆಪುಕ್ಕ ನೋಡಿ ಸರಿಯಾಗಿ ಹೇಳುತ್ತಿದ್ದೆ.

ಆ ವರ್ಷ ರೋಹಿಣಿಯಲ್ಲೇ ಘಟ್ಟದ ಕಡೆ ಮಳೆ ಹುಚ್ಚೆದ್ದು ಸುರಿಯಿತು. ಬೆಳಗಾಗುವಷ್ಟರಲ್ಲಿ ಕಾಲುವೆ ಉಕ್ಕಿ, ತೇಲಿಬಂದ ದಿಮ್ಮಿಯೊಂದು ಹಲಗೆಯನ್ನು ಒಡೆಯಿತು. ಅಪ್ಪ ಎದೆಮಟ್ಟದ ನೀರಿನಲ್ಲಿ ನಿಂತು ದಿಮ್ಮಿ ನೂಕುತ್ತಿದ್ದ. ನೀರೆಲ್ಲ ಕಟ್ಟಿದ ಚಕ್ರದ ಮೇಲೆ ಬಿತ್ತು. ಅಚ್ಚು ಚಟ್ ಚಟ್ ಎಂದಿತು, ಗೋಡೆಯ ಗಾರೆ ಉದುರಿತು. "ಅಪ್ಪಾ, ಹಗ್ಗಾ ಕಡೀರಿ! ಗ್ವಾಡಿ ಬೀಳತದ, ಮನ್ಯಾಗ ಮಂದಿ ಅದಾರ!" ಎಂದು ಅಪ್ಪ ಅಜ್ಜನಿಗೆ ಕೂಗಿದ. ಅಜ್ಜನ ಕೈಯಲ್ಲಿ ಕುಡುಗೋಲಿತ್ತು. ಬಿಗಿದ ಹಗ್ಗ ನೀರು ಕುಡಿದು ವಾಸನೆ ಬಿಡುತ್ತಿತ್ತು. ಹಕ್ಕಿ ಅವನ ತಲೆಯ ಮೇಲೇ ಕಿರುಚುತ್ತ ಸುತ್ತುತ್ತಿತ್ತು. ಅಜ್ಜ ಒಮ್ಮೆ ಬಾಗಿಲಲ್ಲಿ ನಿಂತಿದ್ದ ಅಜ್ಜಿಯತ್ತ, ನನ್ನತ್ತ ನೋಡಿದ. ಅವನು ಹಗ್ಗ ಕಡಿದ. ಚಕ್ರ ಒಂದು ಸುತ್ತು ಬಂತು, ಗೂಡು ಇತ್ತು. ಎರಡನೆಯ ಸುತ್ತಿಗೆ ಇರಲಿಲ್ಲ.

ಹೊತ್ತು ಮುಳುಗುವ ಮೊದಲು ಊಟಕ್ಕೆ ಕುಳಿತಾಗ ಅಜ್ಜ ನನ್ನನ್ನು ಹತ್ತಿರ ಕರೆದ. "ಇನ್ನ ಎಷ್ಟ ದಿನಾ ಬೇಕಾಗಿತ್ತ ತಂಗಿ?"

"ಎರಡ ದಿನಾ, ಅಜ್ಜಾ."

ಅವನು ತಲೆಯಾಡಿಸಿ ಎದ್ದುಹೋದ. ನೀರಿಳಿದ ಮೇಲೆ ಗಿರಣಿ ನಡೆಸಿದ, ಊರಿನವರಿಗೆಲ್ಲ ಬೀಸಿಕೊಟ್ಟ. ತಾನು ಮಾತ್ರ ಆ ಹಿಟ್ಟಿನ ರೊಟ್ಟಿ ಮುಟ್ಟಲಿಲ್ಲ. ಅಜ್ಜಿ ದಿನವೂ ಬಿಸಿ ರೊಟ್ಟಿ ತಂದು ಬಡಿಸುವಳು. "ಇವತ್ತ ಬ್ಯಾಡ," ಎಂದು ಅವನು ಅನ್ನಕ್ಕೆ ಕೈಹಾಕುವನು. ಸಾಯುವತನಕ ಅದೇ ಮಾತು. ಆಮೇಲೆ ಅಜ್ಜಿ ಹೋದಳು, ಅಪ್ಪ ಹೋದ, ಸೂರು ಕುಸಿಯಿತು, ಕಾಲುವೆಯಲ್ಲಿ ಹುಲ್ಲು ಬೆಳೆಯಿತು. ಅಂದು ಉಳಿಸಿಕೊಂಡದ್ದರಲ್ಲಿ ನನ್ನ ಹೊರತು ಯಾವುದೂ ಈಗ ಇಲ್ಲ.

"ಇನ್ನ ಹದಿನೈದ ದಿನಾ ಬೇಕಾಗಿತ್ತಜ್ಜಾ, ಹೆಂಗಿದ್ರೂ ಮಳಿ ಅವನ್ನ ಬಿಡತಿರಲಿಲ್ಲ" ಎಂದು ಒಂದು ಸುಳ್ಳು ಹೇಳಿದ್ದರೆ, ಅವನು ಒಂದು ತುತ್ತು ರೊಟ್ಟಿ ತಿಂದು ಸಾಯುತ್ತಿದ್ದನೇನೋ. ನನಗಾಗ ಎಂಟು ವರ್ಷ. ಸುಳ್ಳು ಚೆನ್ನಾಗಿಯೇ ಬರುತ್ತಿತ್ತು. ಆ ಸಂಜೆ ಮಾತ್ರ ಹೊಳೆಯಲಿಲ್ಲ.