ನಾನು ಎಕ್ಕೆ ಬೆಳೆಸಿದ್ದು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಸ್ಕಿಯಿಂದ ಮದುವೆಯಾಗಿ ತುರ್ವಿಹಾಳಕ್ಕೆ ಬಂದೆ. ಕಾಲುವೆ ನೀರಿನ ಊರು, ಕಣ್ಣು ಹಾಯುವವರೆಗೂ ನೆಲ್ಲಿನ ಗದ್ದೆ. ಅಷ್ಟು ಹಸಿರಿದ್ದರೂ ಪಾತರಗಿತ್ತಿಗಳು ಮಾತ್ರ ಕಾಣುತ್ತಿರಲಿಲ್ಲ. ಗದ್ದೆಗೆ ಔಷಧಿ ಹೊಡೆದರೆ ಅದರ ಘಾಟು ನಮ್ಮ ಅಡುಗೆಮನೆಗೂ ಬರುತ್ತಿತ್ತು. ತವರಿನಲ್ಲಿ ಗುಡ್ಡದ ಬುಡದ ಎಕ್ಕೆ ಪೊದೆಗಳ ಸುತ್ತ ಕೇಸರಿ ರೆಕ್ಕೆಯ ಪಾತರಗಿತ್ತಿಗಳನ್ನು ನೋಡುತ್ತಲೇ ಬೆಳೆದವಳು ನಾನು. ಬೇಸಿಗೆಯಲ್ಲಿ ತವರಿಗೆ ಹೋದಾಗ ಬಿರಿದ ಎಕ್ಕೆಕಾಯಿಯೊಂದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದು, ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಬೀಜ ಊರಿದೆ.

ಗಿಡ ಮೊಣಕಾಲೆತ್ತರಕ್ಕೆ ಬಂದಾಗ ಅತ್ತೆಯ ಕಣ್ಣಿಗೆ ಬಿತ್ತು.

"ಏನಬೇ ಇದು? ಸಿಟ್ಟು ಬಂದ್ರ ಮಂದಿ 'ನಿನ್ನ ಮನ್ಯಾಗ ಎಕ್ಕಿ ಹುಟ್ಲಿ' ಅಂತ ಬೈತಾರ. ನೀ ನೋಡಿದ್ರ ನೀರು ಹಾಕಿ ಬೆಳಸಾಕತ್ತಿ! ಅದರ ಹಾಲು ಕಣ್ಣಾಗ ಬಿದ್ರ ಕಣ್ಣು ಹೋಗ್ತಾವ, ಗೊತ್ತೈತಿಲ್ಲೋ?"

"ಪಾತರಗಿತ್ತಿ ತತ್ತಿ ಇಡೋದು ಇದರ ಮ್ಯಾಲರಿ ಅತ್ತಿ. ಈ ಮಳಿಗಾಲ ಒಂದು ಇರ್ಲಿ. ಬರ್ಲಿಲ್ಲಂದ್ರ ನಾನೇ ಕಿತ್ತು ಒಗೀತೀನ್ರಿ."

ಅವರು ಹೂಂ ಅನ್ನಲಿಲ್ಲ, ಕೀಳಲೂ ಇಲ್ಲ. ಓಣಿಯ ಮಕ್ಕಳು ಮುಟ್ಟದಂತೆ ನಾನು ಗಿಡದ ಸುತ್ತ ಜಾಲಿಮುಳ್ಳು ಕಟ್ಟಿದೆ.

ಮಳೆ ಹಿಡಿದ ಮೇಲೆ ಒಂದು ಪಾತರಗಿತ್ತಿ ಬಂತು. ಎಲೆಯಡಿ ಸಾಸಿವೆಗಿಂತ ಸಣ್ಣ ತತ್ತಿ ಇಟ್ಟು ಹೋಯಿತು. ಆಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು ಹುಟ್ಟಿ ಎಲೆ ಮೇಯತೊಡಗಿದವು. ಅತ್ತೆ ಬೂದಿ ಎರಚಲು ಬುಟ್ಟಿ ಹಿಡಿದೇ ಬಂದರು. "ಅವು ಆ ಪಾತರಗಿತ್ತಿ ಮಕ್ಕಳ್ರಿ" ಎಂದೆ. ಮಕ್ಕಳೆಂಬ ಮಾತಿಗೆ ಅವರ ಕೈ ನಿಂತಿತು.

ಒಂದು ಹುಳ ಎಲೆಯ ಕೆಳಗೆ ತಲೆಕೆಳಗಾಗಿ ಜೋತು ಬಿದ್ದು ಹಸಿರು ಗೂಡಾಯಿತು. ಅದರ ಮೇಲೆ ಸಾಲಾಗಿ ಬಂಗಾರದ ಚುಕ್ಕೆ. ಅಂದಿನಿಂದ ಅತ್ತೆ ಅಕ್ಕಿ ಹಸನು ಮಾಡುವ ಮೊರವನ್ನು ಹಿತ್ತಲಿಗೇ ತಂದು ಕೂರತೊಡಗಿದರು. ಒಂದು ಮುಂಜಾನೆ ಅವರ ಕೂಗು ಕೇಳಿಸಿತು: "ಲಗೂನ ಬಾಬೇ! ಹೊರಗ ಬರಾಕತ್ತೈತಿ!"

ಮುದುಡಿದ ಹಸಿ ರೆಕ್ಕೆ ಮೆಲ್ಲಗೆ ಬಿಚ್ಚಿಕೊಂಡವು. ಅದು ಹಾರಿ ಗೋಡೆ ದಾಟುವವರೆಗೂ ಇಬ್ಬರೂ ಕದಲಲಿಲ್ಲ.

ಎಕ್ಕೆ ಹೂ ಬಿಟ್ಟಾಗ ಕರಿದುಂಬಿಗಳೂ ಬಂದವು. ಪಕ್ಕದ ಚಪ್ಪರದ ಹೀರೆ ಹೂವಿಗೂ ಒಂದು ಸುತ್ತು ಹಾಕಿಯೇ ಹೋಗುತ್ತಿದ್ದವು. ಒಂದು ಶನಿವಾರ ನೆರೆಮನೆಯಾಕೆ ಹನುಮಪ್ಪನ ಹಾರಕ್ಕೆಂದು ಎಕ್ಕೆ ಎಲೆ ಕೇಳಲು ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಡ್ಡ ನಿಂತರು.

"ಇಲ್ಲಿ ಹುಳ ಅದಾವಬೇ. ಕಾಲುವಿ ದಂಡಿಗೆ ಬೇಕಾದಷ್ಟು ಎಕ್ಕಿ ಐತಿ, ಹರ್ಕೋ ಹೋಗು."

ಎರಡನೆಯ ವರ್ಷ ಅಲ್ಲಿ ಮೂರು ಗಿಡಗಳಾಗಿದ್ದವು. ಅವ್ವ ನನ್ನನ್ನು ನೋಡಲು ಬಂದವಳು ಹಿತ್ತಲಿಗೆ ಕಾಲಿಟ್ಟವಳೇ ಗಾಬರಿಯಾದಳು.

"ಯವ್ವಾ, ಇದೇನ್ರಿ ಬೀಗತಿ, ಮನ್ಯಾಗ ಎಕ್ಕಿ?"

ಅತ್ತೆ ನಕ್ಕು ಅವಳ ಕೈ ಹಿಡಿದು ಗಿಡದ ಹತ್ತಿರ ಕರೆದೊಯ್ದರು. "ನಿಮ್ಮ ಮಗಳು ಬೆಳಸ್ಯಾಳ್ರಿ. ಬಗ್ಗಿ ನೋಡ್ರಿ, ಎಲಿ ತೆಳಗ ತತ್ತಿ ಅದಾವ. ಇಡೀ ಓಣ್ಯಾಗ ಪಾತರಗಿತ್ತಿ ಬರೋದು ನಮ್ಮನಿಗಷ್ಟ ನೋಡ್ರಿ."

ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದೆ. ಅವ್ವ ಬಗ್ಗಿ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಎದುರು ಅಷ್ಟು ಹೆಮ್ಮೆಯಿಂದ ನಾನು ಹಿಂದೆಂದೂ ನಿಂತಿರಲಿಲ್ಲ.